ಹಾರದ ಹಿಂದೆ ಉಳಿದ ಸೆಪ್ಟೆಂಬರ್ 15

ಎಂಜಿನಿಯರ್ಸ್ ಡೇ ದಿನ ಕಾಲೇಜಿನಲ್ಲಿ ಏನೇನು ನಡೆಯುತ್ತದೆ ಎಂದು ಬಿ.ಇ. ಓದುವವರಿಗೆ ಹೇಳಬೇಕಾಗಿಲ್ಲ. ಪೇಟ ತೊಟ್ಟ ಸರ್ ಎಂ.ವಿ. ಅವರ ಫೋಟೊ, ಅದಕ್ಕೊಂದು ಸೇವಂತಿಗೆ ಹಾರ, ಅತಿಥಿಗೊಂದು ಶಾಲು, ಸರಿಯಾದ ಹೊತ್ತಿಗೆ ಕೈಕೊಡುವ ಮೈಕು, ಕೊನೆಯಲ್ಲಿ ಪಫ್ಸು. ಇವೆಲ್ಲದರ ನಡುವೆ ‘ದಿನದ ವಿಶೇಷ’ ಅಂತ ಐದು ನಿಮಿಷ ಇರುತ್ತದೆ. ಈ ಸಲ ಆ ಐದು ನಿಮಿಷ ನನ್ನ ಕೊರಳಿಗೆ ಬಿತ್ತು.

ಬೀಳುವುದಕ್ಕೆ ಕಾರಣವೂ ಇತ್ತು. ಹೈಸ್ಕೂಲಿನಲ್ಲಿ ನಾನು ಕ್ವಿಜ್ ಹುಡುಗ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ‘ಇಂದಿನ ದಿನ’ ಓದುತ್ತಿದ್ದವನು ನಾನೇ. ಯಾರು ಹುಟ್ಟಿದರು, ಯಾರು ಸತ್ತರು, ಯಾವ ಯುದ್ಧ ಶುರುವಾಯಿತು, ಎಲ್ಲ ಒಂದೊಂದು ಸಾಲು. ಕ್ಯಾಲೆಂಡರಿನ ಮುನ್ನೂರ ಅರವತ್ತೈದು ಮನೆಗಳಲ್ಲೂ ಏನೋ ಒಂದು ಇಟ್ಟುಕೊಂಡಿದ್ದೆ. ಅದರ ಅರ್ಥ ಗೊತ್ತಿತ್ತಾ ಎಂದರೆ, ಇಲ್ಲ. ಬಸ್ ಕಂಡಕ್ಟರ್‌ಗೆ ಸ್ಟಾಪುಗಳ ಹೆಸರು ಗೊತ್ತಿರುವ ಹಾಗೆ ಗೊತ್ತಿತ್ತು, ಅಷ್ಟೆ.

ಪಟ್ಟಿ ಮಾಡಲು ಕೂತರೆ ಸೆಪ್ಟೆಂಬರ್ 15 ತುಂಬಿ ತುಳುಕುವ ದಿನ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ್ದು ಹೇಗೂ ಇದೆ. (ವರ್ಷ ಕೆಲವು ಪುಸ್ತಕಗಳಲ್ಲಿ 1860, ಕೆಲವದರಲ್ಲಿ 1861. ಪರೀಕ್ಷೆಯ ನಾಲ್ಕು ಆಯ್ಕೆಗಳಲ್ಲಿ ಎರಡನ್ನೂ ಕೊಟ್ಟರೆ ದೇವರೇ ಗತಿ.) ಬಂಗಾಳಿ ಕಾದಂಬರಿಕಾರ ಶರತ್‌ಚಂದ್ರ ಹುಟ್ಟಿದ್ದು 1876ರ ಈ ದಿನ, ಪತ್ತೇದಾರಿ ಕಥೆಗಳ ಅಗಾಥಾ ಕ್ರಿಸ್ಟಿ 1890ರಲ್ಲಿ, ತಮಿಳುನಾಡಿನ ಅಣ್ಣಾದುರೈ 1909ರಲ್ಲಿ, ನಮ್ಮ ‘ರಕ್ತಕಣ್ಣೀರು’ ಚಿತ್ರದ, ‘ಬಾಹುಬಲಿ’ಯ ಶಿವಗಾಮಿಯಾದ ರಮ್ಯಾಕೃಷ್ಣ 1970ರಲ್ಲಿ. 1821ರಲ್ಲಿ ಮಧ್ಯ ಅಮೆರಿಕದ ಐದು ದೇಶಗಳಿಗೆ ಸ್ವಾತಂತ್ರ್ಯ. 1916ರಲ್ಲಿ ಯುದ್ಧಭೂಮಿಗೆ ಮೊದಲ ಸಲ ಟ್ಯಾಂಕ್ ಇಳಿದಿದ್ದು. 1935ರಲ್ಲಿ ಯಹೂದಿಗಳ ಪೌರತ್ವ ಕಿತ್ತುಕೊಂಡ ನಾತ್ಸಿಗಳ ನ್ಯೂರೆಂಬರ್ ಕಾಯ್ದೆ. 1959ರಲ್ಲಿ ದೆಹಲಿಯಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ. ತಮಾಷೆಗೂ ಬರವಿಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಗಂಡಸರು ಸೆಪ್ಟೆಂಬರ್ 15 ಆದಮೇಲೆ ಹುಲ್ಲಿನ ಹ್ಯಾಟು ಹಾಕಬಾರದು, ಉಣ್ಣೆ ಹ್ಯಾಟಿಗೆ ಬದಲಾಗಬೇಕು ಎಂಬ ರಿವಾಜಿತ್ತಂತೆ. 1922ರಲ್ಲಿ ನ್ಯೂಯಾರ್ಕಿನ ಪಡ್ಡೆ ಹುಡುಗರು ಗಡುವಿಗೆ ಎರಡು ದಿನ ಮೊದಲೇ ದಾರಿಹೋಕರ ಹ್ಯಾಟು ಕಿತ್ತು ತುಳಿಯಲು ಹೊರಟು, ಅದು ದಿನಗಟ್ಟಲೆ ಗಲಭೆಯೇ ಆಗಿಹೋಯಿತು. ನಮ್ಮ ಕಾಲೇಜಿನ ಡ್ರೆಸ್ ಕೋಡ್ ಸ್ಕ್ವಾಡ್ ಎಷ್ಟೋ ವಾಸಿ.

ಶುಕ್ರವಾರ ಪಟ್ಟಿಯನ್ನು ಕಾರ್ಯಕ್ರಮ ನೋಡಿಕೊಳ್ಳುವ ಮೇಷ್ಟರಿಗೆ ಕೊಟ್ಟೆ. ಒಳ್ಳೆಯವರು, ಇಂಟರ್ನಲ್ಸ್‌ನಲ್ಲಿ ಕೈ ಬಿಡದವರು. ಕೆಂಪು ಪೆನ್ನು ತೆಗೆದು ಐದು ಸಾಲು ಹೊಡೆದರು. “ಶುಭ ದಿನ ಕಣಪ್ಪ, ಸಾವು, ದಿವಾಳಿ, ಯುದ್ಧ ಎಲ್ಲ ಯಾಕೆ? ರಮ್ಯಾಕೃಷ್ಣ ಇರಲಿ” ಎಂದರು. ರಮ್ಯಾಕೃಷ್ಣ ಉಳಿದರು. ಕಾರ್ಯಕ್ರಮದ ದಿನ ಅತಿ ಹೆಚ್ಚು ಶಿಳ್ಳೆ ಬಿದ್ದದ್ದೂ ಆ ಸಾಲಿಗೇ. ನನಗೆ ಬೇಜಾರಿಲ್ಲ. ಆದರೆ ಹೊಡೆದುಹಾಕಿದ ಐದು ಸಾಲುಗಳಲ್ಲಿ ಮೂರು ಎಂಜಿನಿಯರ್ಸ್ ಡೇ ದಿನ ಹೇಳಲೇಬೇಕಾದವು ಎಂದು ನನ್ನ ವಾದ. ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಮೊದಲನೆಯದು 1830ರ ಸೆಪ್ಟೆಂಬರ್ 15. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗದ ಉದ್ಘಾಟನೆ. ಜಾರ್ಜ್ ಸ್ಟೀಫನ್‌ಸನ್ ಕಟ್ಟಿದ ಮಾರ್ಗ. ಉಗಿ ಎಂಜಿನ್ ಎರಡು ದೊಡ್ಡ ಊರುಗಳನ್ನು ಬೆಸೆದು ಜನರನ್ನು ಹೊತ್ತೊಯ್ಯುವ ಕಾಲ ಶುರುವಾದದ್ದು ಅಲ್ಲಿಂದ ಎನ್ನಬಹುದು. ಪ್ರಧಾನಿ ವೆಲಿಂಗ್ಟನ್ ಡ್ಯೂಕ್ ಸ್ವತಃ ಬಂದಿದ್ದರು. ಅರ್ಧ ದಾರಿಯಲ್ಲಿ ಎಂಜಿನ್‌ಗೆ ನೀರು ತುಂಬಲು ನಿಂತಾಗ, ಇಳಿಯಬೇಡಿ ಎಂದು ಮೊದಲೇ ಹೇಳಿದ್ದರೂ, ಒಂದಷ್ಟು ಗಣ್ಯರು ಕೆಳಗಿಳಿದರು. ಅವರಲ್ಲಿ ಲಿವರ್‌ಪೂಲಿನ ಸಂಸದ ವಿಲಿಯಂ ಹಸ್ಕಿಸನ್ ಒಬ್ಬರು. ಡ್ಯೂಕ್ ಜೊತೆ ಹಳೆಯ ಮನಸ್ತಾಪ ಇತ್ತು. ಕೈ ಕುಲುಕಿ ಸರಿಮಾಡಿಕೊಳ್ಳೋಣ ಎಂದು ಅವರ ಬೋಗಿಯ ಹತ್ತಿರ ಹೋದರು. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ‘ರಾಕೆಟ್’ ಎಂಜಿನ್ ಬಂತು. ಎರಡು ಹಳಿಗಳ ನಡುವಿನ ಜಾಗ ಕಿರಿದು. ಉಳಿದವರು ಹೇಗೋ ತಪ್ಪಿಸಿಕೊಂಡರು. ಹಸ್ಕಿಸನ್ ಗಾಬರಿಯಲ್ಲಿ ಬೋಗಿಯ ಬಾಗಿಲು ಹಿಡಿದುಕೊಂಡರು, ಬಾಗಿಲು ತೆರೆದುಕೊಂಡು ಅವರನ್ನು ಎಂಜಿನ್‌ನ ದಾರಿಗೇ ತಂದಿತು. ಕಾಲು ನುಜ್ಜುಗುಜ್ಜಾಯಿತು, ಅದೇ ರಾತ್ರಿ ತೀರಿಕೊಂಡರು.

ಈಗ ಎಂಜಿನಿಯರಿಂಗ್ ಹುಡುಗನ ಮಾತು ಕೇಳಿ. ರಾಕೆಟ್‌ಗೆ ಬ್ರೇಕ್ ಇರಲಿಲ್ಲ. ನಿಲ್ಲಿಸಬೇಕೆಂದರೆ ಹಿಮ್ಮುಖವಾಗಿ ಓಡಿಸಲು ಎಳೆದಾಡಬೇಕು, ಅದು ತಕ್ಷಣ ಆಗುವ ಕೆಲಸವಲ್ಲ. ಎಷ್ಟು ವೇಗವಾಗಿ ಹೋಗಬಹುದು ಎಂದು ಅಷ್ಟೆಲ್ಲ ಯೋಚಿಸಿದ ಜನ, ಎಷ್ಟು ಬೇಗ ನಿಲ್ಲಬಹುದು ಎಂದು ಯೋಚಿಸಿರಲಿಲ್ಲ. ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮ್ಮ ತಂಡ ಮಾಡಿದ ಎಲೆಕ್ಟ್ರಿಕ್ ಗೋ-ಕಾರ್ಟ್ ನೆನಪಾಯಿತು. ಮೋಟರ್‌ಗೆ ಒಂದು ತಿಂಗಳು, ಬ್ರೇಕ್‌ಗೆ ಒಂದು ರಾತ್ರಿ. ಡೆಮೊ ದಿನ ಅದು ಹೋಗಿ ಕ್ಯಾಂಟೀನಿನ ಗೋಡೆಗೆ ಗುದ್ದಿತು. ಎಲ್ಲರೂ ನಕ್ಕರು, ನಮಗೆ ಮಾರ್ಕ್ಸೂ ಬಂತು. ಹಸ್ಕಿಸನ್ ಕಥೆ ಆಗ ಗೊತ್ತಿದ್ದರೆ ನಾನಂತೂ ನಗುತ್ತಿರಲಿಲ್ಲ.

ಅಂದಹಾಗೆ, ಆವತ್ತು ಮೆರವಣಿಗೆ ಅರ್ಧಕ್ಕೆ ನಿಲ್ಲಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಜನ ಕಾಯುತ್ತಿದ್ದರು, ರೈಲುಗಳು ಮುಂದೆ ಹೋದವು. ಶುಭ ದಿನದಲ್ಲಿ ಅಶುಭ ಬೇಡ ಎನ್ನುವುದು ನಮ್ಮ ಕಾಲೇಜಿನ ಆವಿಷ್ಕಾರವೇನಲ್ಲ.

ಎರಡನೆಯ ಸಾಲು 2017ರದು. ಅಂದು ಕ್ಯಾಸಿನಿ ನೌಕೆ ಶನಿಗ್ರಹದ ವಾತಾವರಣಕ್ಕೆ ಧುಮುಕಿ ಉರಿದುಹೋಯಿತು. ಕೆಟ್ಟು ಬಿದ್ದದ್ದಲ್ಲ, ಬೇಕೆಂದೇ ಬೀಳಿಸಿದ್ದು. 1997ರಲ್ಲಿ ಹೊರಟು, 2004ರಲ್ಲಿ ತಲುಪಿ, ಹದಿಮೂರು ವರ್ಷ ಶನಿಯನ್ನು ಸುತ್ತಿದ ಯಂತ್ರ. ಇಂಧನ ಮುಗಿಯುತ್ತ ಬಂದಿತ್ತು. ಹಾಗೇ ಬಿಟ್ಟಿದ್ದರೆ ಮುಂದೊಂದು ದಿನ ಎನ್ಸೆಲಡಸ್ ಎಂಬ ಉಪಗ್ರಹಕ್ಕೆ ಅಪ್ಪಳಿಸುವ ಸಾಧ್ಯತೆ ಇತ್ತು. ಅಲ್ಲಿ ಮಂಜಿನ ಹೊದಿಕೆಯ ಕೆಳಗೆ ನೀರಿದೆ ಎಂದು ಕಂಡುಹಿಡಿದದ್ದು ಇದೇ ಕ್ಯಾಸಿನಿ. ನೌಕೆಯ ಮೇಲೆ ಭೂಮಿಯ ಸೂಕ್ಷ್ಮಜೀವಿಗಳೇನಾದರೂ ಉಳಿದಿದ್ದರೆ ಆ ನೀರು ಕೆಡಬಾರದು ಎಂದು ತಾವೇ ಕಟ್ಟಿದ್ದನ್ನು ತಾವೇ ಸುಟ್ಟರು. ಕೊನೆಯ ಕ್ಷಣದವರೆಗೂ ಅದು ಮಾಹಿತಿ ಕಳಿಸುತ್ತಲೇ ಇತ್ತು. ಆ ಸಂಕೇತ ಭೂಮಿ ಮುಟ್ಟಲು 83 ನಿಮಿಷ. ಅಂದರೆ ಕೊನೆಯ ಮಾತು ಇಲ್ಲಿ ಕೇಳಿಸುವಾಗ ಹೇಳಿದವನು ಹೋಗಿ ಒಂದು ಗಂಟೆಗೂ ಹೆಚ್ಚಾಗಿತ್ತು. ಇದನ್ನು ಮೇಷ್ಟರು ‘ಸಾವು’ ಎಂದು ಲೆಕ್ಕ ಹಾಕಿ ಹೊಡೆದರೋ, ಹೆಸರು ಉಚ್ಚರಿಸಲು ಕಷ್ಟ ಎಂದೋ, ನಾನು ಕೇಳಲಿಲ್ಲ.

ಮೂರನೆಯದು ನನ್ನ ಮನೆಯ ಮಾತು.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. 158 ವರ್ಷದ ಸಂಸ್ಥೆ, 600 ಶತಕೋಟಿ ಡಾಲರಿಗೂ ಮೀರಿದ ಸಾಲ. ಕ್ವಿಜ್‌ನಲ್ಲಿ ಈ ಪ್ರಶ್ನೆಗೆ ಎರಡು ಸಲ ಉತ್ತರ ಹೇಳಿ ಎರಡು ಸಲ ಪೆನ್ನು ಗೆದ್ದಿದ್ದೇನೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನವನ್ನು ಮೊದಲ ಬಾರಿ ಆಚರಿಸಿದ್ದೂ ಅದೇ ದಿನ ಎಂಬ ಬಾಲವನ್ನೂ ಸೇರಿಸುತ್ತಿದ್ದೆ. ಇನ್ನೊಂದು ತಮಾಷೆ, ‘ವಾಲ್ ಸ್ಟ್ರೀಟ್’ ಸಿನಿಮಾ ಮಾಡಿದ ಆಲಿವರ್ ಸ್ಟೋನ್ ಹುಟ್ಟಿದ್ದೂ ಸೆಪ್ಟೆಂಬರ್ 15ಕ್ಕೇ.

ಕೆಂಪು ಗೆರೆ ಬಿದ್ದ ಪಟ್ಟಿಯನ್ನು ಜೇಬಲ್ಲಿಟ್ಟುಕೊಂಡು ಭಾನುವಾರ ಊರಿಗೆ ಹೋಗಿದ್ದೆ. ಹಿರಿಯೂರಿನಲ್ಲಿ ನನ್ನ ಚಿಕ್ಕಪ್ಪನದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಗೋಡೆಯ ಮೇಲೆ ಬಿ.ಇ. ಸರ್ಟಿಫಿಕೇಟ್ ಇಲ್ಲ, ಆದರೆ ಅವರು ಎಲೆಕ್ಟ್ರಿಕಲ್‌ನಲ್ಲಿ ಬಿ.ಇ. 2008ರ ಬ್ಯಾಚು. ಕ್ಯಾಂಪಸ್‌ನಲ್ಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಆಯ್ಕೆಯಾಗಿದ್ದರು. ನನಗಾಗ ಮೂರು ವರ್ಷ; ಅಜ್ಜಿ ಬೀದಿಗೆಲ್ಲ ಲಾಡು ಹಂಚಿದ್ದನ್ನು ಕೇಳಿ ಗೊತ್ತು. ನವೆಂಬರ್ ಹತ್ತಕ್ಕೆ ಕೆಲಸಕ್ಕೆ ಸೇರಬೇಕಿತ್ತು. ಆಮೇಲೆ ಜನವರಿ ಎಂದರು. ಆಮೇಲೆ ಮುಂದಿನ ಸೂಚನೆಯವರೆಗೆ ಎಂದರು. ಆ ಸೂಚನೆ ಇವತ್ತಿಗೂ ಬಂದಿಲ್ಲ. ಅಮೆರಿಕದ ಬ್ಯಾಂಕುಗಳ ಕೆಲಸ ನಂಬಿಕೊಂಡಿದ್ದ ಇಲ್ಲಿನ ಕಂಪನಿಗಳು ಆ ವರ್ಷ ಎಷ್ಟೋ ಹುಡುಗರನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸಿದ್ದವು. ಚಿಕ್ಕಪ್ಪ ಎರಡು ವರ್ಷ ಟ್ಯೂಷನ್ ಹೇಳಿದರು, ಬ್ಯಾಂಕ್ ಪರೀಕ್ಷೆ ಬರೆದರು, ಕೊನೆಗೆ ತಾಮ್ರದ ತಂತಿ ಸುತ್ತಲು ಕೂತರು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: “ಅವನಿಗೆ ಅದೃಷ್ಟ ಇರಲಿಲ್ಲ.” ಇಷ್ಟು ವರ್ಷ ನಾನೂ ಹಾಗೇ ನಂಬಿದ್ದೆ. ಕ್ವಿಜ್‌ನ ಉತ್ತರ ಒಂದು ಕಿಸೆಯಲ್ಲಿ, ಚಿಕ್ಕಪ್ಪ ಇನ್ನೊಂದು ಕಿಸೆಯಲ್ಲಿ. ಎರಡೂ ಒಂದೇ ಅಂಗಿಯವು ಎಂದು ಆ ಪಟ್ಟಿ ಬರೆಯುವವರೆಗೂ ಹೊಳೆದಿರಲಿಲ್ಲ.

ಅವರಿಗೆ ಪಟ್ಟಿ ತೋರಿಸಿದೆ. ಕನ್ನಡಕ ಹಣೆಗೇರಿಸಿ ಓದಿದರು. “ಓ, ಅದು ಸೆಪ್ಟೆಂಬರ್ ಹದಿನೈದಾ? ಆವತ್ತು ನಮ್ ಕ್ಲಾಸಿನವರೆಲ್ಲ ಸೇರ್ಕೊಂಡು ಕೆಆರ್‌ಎಸ್ ನೋಡಕ್ಕೆ ಹೋಗಿದ್ವಿ, ಎಂಜಿನಿಯರ್ಸ್ ಡೇ ಅಂತ” ಎಂದರು. ಎಲ್ಲರ ಕೈಯಲ್ಲೂ ಆಫರ್ ಲೆಟರ್ ಇತ್ತಂತೆ. ಸಂಜೆ ಬೃಂದಾವನದಲ್ಲಿ ಕಾರಂಜಿ ನೋಡಿಕೊಂಡು ಬಂದರಂತೆ. ಮತ್ತೇನೂ ಹೇಳಲಿಲ್ಲ. ಗಿರಾಕಿಯೊಬ್ಬರು ಸುಟ್ಟ ಮೋಟರ್ ಹೊತ್ತು ತಂದಿದ್ದರು.

ಹೆಸರಾಂತ ತಾರೀಕುಗಳ ಕಥೆ ಇದೇ. ಆ ದಿನ ಬದುಕಿದ್ದವರಿಗೆ ಅದು ಆ ದಿನ ಎಂದು ಗೊತ್ತಿರುವುದಿಲ್ಲ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಓದುತ್ತಿರುವ ಗೆಳೆಯರೆಲ್ಲ ಬೆಳಗೆದ್ದು ಇಂಥ ಪಟ್ಟಿಗಳನ್ನೇ ಉರುಹೊಡೆಯುತ್ತೀರಿ. ಬಿಡಿ ಎಂದು ಹೇಳುವಷ್ಟು ದಡ್ಡ ನಾನಲ್ಲ; ಒಂದು ಅಂಕಕ್ಕೆ ಸಾವಿರ ಜನ ಹಿಂದೆ ಬೀಳುವ ಕಾಲ. ವಾರಕ್ಕೊಂದು ಸಾಲನ್ನಾದರೂ ಹಿಡಿದು, ಆಮೇಲೆ ಏನಾಯಿತು, ಯಾರಿಗಾಯಿತು ಎಂದು ಹಿಂಬಾಲಿಸಿ ನೋಡಿ ಎನ್ನುತ್ತೇನೆ ಅಷ್ಟೆ. ಅದು ನಿಮ್ಮ ಬೀದಿಗೇ ಬಂದು ನಿಂತರೂ ಆಶ್ಚರ್ಯವಿಲ್ಲ.

ಹಾರ ಹಾಕಿದ ಫೋಟೊಗೂ ಇದೇ ಪ್ರಶ್ನೆ ಕೇಳಬೇಕು. ವಿಶ್ವೇಶ್ವರಯ್ಯನವರ ಬಗ್ಗೆ ಸ್ಟೇಜ್ ಮೇಲೆ ಪ್ರತಿ ವರ್ಷ ಕೇಳುವುದು ಕನ್ನಂಬಾಡಿ, ಶಿಸ್ತು, ಸಮಯಪಾಲನೆ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಎಂಜಿನಿಯರಿಂಗ್ ಕಾಲೇಜಿನಲ್ಲೇ ಯಾರೂ ಬಿಡಿಸಿ ಹೇಳಿದ್ದು ನಾನು ಕೇಳಿಲ್ಲ. ಅದಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವುದನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ, ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ಅಳುಕು. ಅದೇ ವರ್ಷ ಅವರು ಹುದ್ದೆ ಬಿಟ್ಟರು. ನಾನು ಮೀಸಲಾತಿಯಲ್ಲಿ ಸೀಟು ಪಡೆದವನು. ಬೆಂಗಳೂರಿನಲ್ಲಿ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು ಅವರ ದಿವಾನಗಿರಿಯಲ್ಲಿ, ಆ ಬಾಗಿಲಿಂದ ನನ್ನಂಥವನು ಒಳಗೆ ಬರುವ ದಾರಿ ತೆರೆದದ್ದು ಅವರು ಒಪ್ಪದ ಇನ್ನೊಂದು ನಿರ್ಧಾರದಲ್ಲಿ. ಫೋಟೊಗೆ ಕೈ ಮುಗಿಯುವಾಗ ನನಗೆ ಎರಡೂ ನೆನಪಾಗುತ್ತವೆ. ಮುಗಿಯುವುದನ್ನೇನೂ ಬಿಟ್ಟಿಲ್ಲ. ಆದರೆ ಇದನ್ನು ಹೇಳಿದರೆ ಅವರು ಚಿಕ್ಕವರಾಗುತ್ತಾರೆ ಎಂದು ಹೆದರುವವರು ಅವರನ್ನು ನಿಜಕ್ಕೂ ದೊಡ್ಡವರೆಂದು ನಂಬಿಲ್ಲ ಎಂದು ನನ್ನ ಗುಮಾನಿ.

ಮುಂದಿನ ಸೆಪ್ಟೆಂಬರಿಗೆ ನಾನು ಏಳನೇ ಸೆಮಿಸ್ಟರ್. ಪ್ಲೇಸ್‌ಮೆಂಟ್ ಋತು. ಮೆಕ್ಯಾನಿಕಲ್‌ಗೆ ಯಾವ ಕಂಪನಿ ಬರುತ್ತದೆ, ಬಂದದ್ದು ಕರೆಯುತ್ತದಾ ಎಂಬುದು ಎಲ್ಲೋ ಯಾರದೋ ಮೇಜಿನ ಮೇಲೆ ನಿರ್ಧಾರವಾಗುತ್ತಿರಬಹುದು, ಅದರ ತಾರೀಕು ನನಗೆ ಗೊತ್ತಿಲ್ಲ. ಸದ್ಯಕ್ಕೆ ಕೆಂಪು ಗೆರೆಯ ಆ ಪಟ್ಟಿಯನ್ನು ಹಾಸ್ಟೆಲ್ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೇನೆ. ಲೀಮನ್ ಬ್ರದರ್ಸ್ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಕೆಆರ್‌ಎಸ್, ಕಾರಂಜಿ’ ಎಂದು ಬರೆದಿದ್ದೇನೆ. ಅದರ ಕೆಳಗೆ ನಿನ್ನೆ ರೂಮ್‌ಮೇಟ್ ತನ್ನದೂ ಒಂದು ಸಾಲು ಸೇರಿಸಿದ್ದಾನೆ: “ಸೆಪ್ಟೆಂಬರ್ 15, ಮ್ಯಾಥ್ಸ್ ಬ್ಯಾಕ್‌ಲಾಗ್ ಫೀಸ್ ಕಟ್ಟಲು ಕೊನೆಯ ದಿನ. ಕಟ್ಟಿಲ್ಲ.”