ಹಡಗು ಹತ್ತುವ ಮುನ್ನ



ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮಗೆ ಘಟ್ಟ ಇಳಿದರೆ ಸಮುದ್ರ. ಆದರೆ ಹಡಗು ಪ್ರಯಾಣವೆಂದರೆ ಹಿರಿಯರಿಗೆ ನೆನಪಾಗುವುದು ಹಜ್ಜೇ. ಮುಂಬೈ-ಜಿದ್ದಾ ಹಡಗು 1995ರಲ್ಲಿ ನಿಂತಿತು. ಈಗ ವಿದೇಶದಲ್ಲಿರುವ ಮಗ 'ಅಮ್ಮೀ, ಕ್ರೂಸ್‌ಗೆ ಹೋಗೋಣ' ಎನ್ನುತ್ತಾನೆ. ತಟ್ಟನೆ ಬೇಡವೆನ್ನಬೇಡಿ. ವೈಕಿಂಗ್ ಕಂಪೆನಿಯ ಸಾಗರ ಹಡಗುಗಳಲ್ಲಿ 18 ತುಂಬಿದವರಿಗಷ್ಟೇ ಪ್ರವೇಶ, ಜೂಜಿನ ಕೋಣೆಯಿಲ್ಲ. ಮುಂದೆ ಇಳಿಯುವ ಊರಿನ ಇತಿಹಾಸದ ಕುರಿತು ಉಪನ್ಯಾಸ, ಓದಲು ಗ್ರಂಥಾಲಯ ಇವೆ. ಆದರೆ ಊಟದ ಜೊತೆ ಮದ್ಯವೂ ಟಿಕೆಟಿನಲ್ಲೇ ಸೇರಿದೆ. ಪಕ್ಕದ ಮೇಜಿನಲ್ಲಿ ಕಂಡೇ ಕಾಣುತ್ತದೆ. ಹಲಾಲ್ ಮಾಂಸದ ಬಗ್ಗೆ ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲವಾದರೆ ಮೀನು, ತರಕಾರಿಯೇ ಗತಿ (ಕರಾವಳಿಯ ಸೊಸೆಯಂದಿರಿಗೆ ಅದೇನೂ ಶಿಕ್ಷೆಯಲ್ಲ!). ಹಡಗು ತಿರುಗಿದಂತೆ ಕಿಬ್ಲಾದ ದಿಕ್ಕು ನೋಡಿಕೊಳ್ಳಬೇಕು. ನಮಾಝ್‌ಗೆ ನಿಂತರೆ ತಲೆ ಸುತ್ತುವುದಾದರೆ ಕುಳಿತು ನಿರ್ವಹಿಸಬಹುದು. ಇಷ್ಟೆಲ್ಲ ಕೇಳಿಯೂ ಮನಸ್ಸು ಒಪ್ಪದಿದ್ದರೆ, 'ಆ ಹಣದಲ್ಲಿ ಉಮ್ರಾಕ್ಕೆ ಕಳಿಸು ಮಗಾ' ಎನ್ನಲು ತಾಯಿಗೆ ಸಂಕೋಚವೇಕೆ?