ನೆಲ ಡೊಂಕು ಎನ್ನುವವರಿಗೆ

ಆನ್‌ಸೈಟ್ ಮುಗಿಸಿ ನೆದರ್ಲೆಂಡ್ಸ್‌ನಿಂದ ಮರಳಿದ ನಮ್ಮವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಅವರ ಕಲ್ಚರ್ರೇ ಬೇರೆ ಬಿಡ್ರಿ." ಸೂಟು ತೊಟ್ಟವರೂ ಸೈಕಲ್ ಹೊಡೆಯುತ್ತಾರೆ, ಎಂಬತ್ತರ ಅಜ್ಜಿಯೂ ಸೈಕಲ್ ಮೇಲೆ ಸಂತೆಗೆ ಹೋಗುತ್ತಾಳೆ, ಪ್ರಧಾನಿಯಾಗಿದ್ದಾಗ ಮಾರ್ಕ್ ರುಟ್ಟೆ ಕೂಡ ಕಚೇರಿಗೆ ಸೈಕಲ್‌ನಲ್ಲೇ ಹೋಗುತ್ತಿದ್ದರು. ಇಷ್ಟೆಲ್ಲ ಹೇಳಿ, ಫೋನಿನಲ್ಲಿ ಗಾಳಿಯಂತ್ರದ ಫೋಟೋ ತೋರಿಸಿ, ಕೊನೆಗೆ ಈ ವಾಕ್ಯದಿಂದ ಮಾತು ಮುಗಿಸುತ್ತಾರೆ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಹೊಗಳಿಕೆಯ ವೇಷ ತೊಟ್ಟ ನೆಪ ಇದು. ಅವರಲ್ಲಿ ಇರುವುದು ಸಂಸ್ಕೃತಿ ಎಂದುಬಿಟ್ಟರೆ ನಾವು ಏನನ್ನೂ ಮಾಡಬೇಕಾಗಿಲ್ಲ. ಸಂಸ್ಕೃತಿಯನ್ನು ಟೆಂಡರ್ ಕರೆದು ಕಟ್ಟಿಸಲು ಬರುವುದಿಲ್ಲವಲ್ಲ!

ನನ್ನ ವಾದ ಸರಳ. ಡಚ್ಚರ ಸೈಕಲ್ ದಾರಿಯೂ, ನಾವು ಬಸ್ಸಿಳಿದು ಫೋಟೋ ಹೊಡೆಯುವ ಅವರ ಮೀನುಗಾರರ ಹಳ್ಳಿಯೂ ಈಗಿರುವ ರೂಪಕ್ಕೆ ಬಂದದ್ದು ಜನ ಜಗಳವಾಡಿ, ಲೆಕ್ಕ ಹಾಕಿ, ದುಡ್ಡು ಸುರಿದು ತೆಗೆದುಕೊಂಡ ತೀರ್ಮಾನಗಳಿಂದ. ತೀರ್ಮಾನಗಳಿಗೆ ದಿನಾಂಕ ಇರುತ್ತದೆ, ಹೊಣೆ ಹೊತ್ತವರ ಹೆಸರು ಇರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಟೂರ್ ಬಸ್ ಬಿಟ್ಟು ಒಂದು ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಆಮ್‌ಸ್ಟರ್‌ಡ್ಯಾಮ್‌ನ ಮುಖ್ಯ ರೈಲು ನಿಲ್ದಾಣದ ಬೆನ್ನಿಗೇ ದೋಣಿಕಟ್ಟೆ ಇದೆ. ಸೈಕಲ್ ಸಮೇತ ಹತ್ತಿದರೆ ಐದಾರು ನಿಮಿಷದಲ್ಲಿ ಆಚೆ ದಡ, ಟಿಕೆಟ್ ಇಲ್ಲ. ಅಲ್ಲಿಂದ ಸ್ವಲ್ಪ ಹೊತ್ತಿನಲ್ಲೇ ಊರು ಮುಗಿದು ವಾಟರ್‌ಲಾಂಡ್ ಎಂಬ ಹಸಿರು ಸೀಮೆ ಶುರು. ಒಡ್ಡಿನ ಮೇಲೆ ಸಾಲಾಗಿ ಕೂತ ಡುರ್ಗರ್‌ಡಾಮ್‌ನ ಮರದ ಮನೆಗಳು, ಮುಂದೆ ಔಟ್‌ಡಾಮ್, ಆಮೇಲೆ ನೀರಿನ ನಡುವೆ ಹಾಯುವ ಒಡ್ಡಿನ ರಸ್ತೆ ಹಿಡಿದು ಮಾರ್ಕೆನ್. ಮಾರ್ಕೆನ್‌ನಿಂದ ಸೈಕಲ್ಲನ್ನೂ ಹತ್ತಿಸಿಕೊಳ್ಳುವ ದೋಣಿಯಲ್ಲಿ ಅರ್ಧ ಗಂಟೆಗೆ ವೊಲೆಂಡಾಮ್. ಪಕ್ಕದಲ್ಲೇ ಚೀಸ್‌ನ ಊರು ಎಡಾಮ್. ಮೊನಿಕೆಂಡಾಮ್, ಬ್ರೂಕ್ ಇನ್ ವಾಟರ್‌ಲಾಂಡ್ ಮೇಲೆ ವಾಪಸ್ಸು. ತುಳಿಯುವುದು ಐವತ್ತು ಕಿಲೋಮೀಟರಿನೊಳಗೆ. ನಲವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದ ನನ್ನಂಥವರಿಗೂ ಇದು ಒಂದು ದಿನದ ಕೆಲಸ. ಎದುರುಗಾಳಿ ಬಂದಾಗ ಮೋಟಾರಿನ ಸಹಾಯ ಒಂದು ಹಂತ ಏರಿಸಿದರೆ ಸಾಕು, ಉಸಿರು ಉಳಿಯುತ್ತದೆ.

ದಾರಿ ಹುಡುಕಲು ಫೋನೂ ಬೇಡ. ಎರಡು ದಾರಿ ಕೂಡುವ ತಾಣಗಳಿಗೆ ಸಂಖ್ಯೆ ಕೊಟ್ಟು ಫಲಕ ನಿಲ್ಲಿಸಿದ್ದಾರೆ. ಆ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ತಪ್ಪುವ ಮಾತೇ ಇಲ್ಲ. ಈ ಏರ್ಪಾಡೂ 'ಡಚ್ ಸಂಸ್ಕೃತಿ'ಯಿಂದ ಉದ್ಭವಿಸಿದ್ದಲ್ಲ. 1990ರ ದಶಕದಲ್ಲಿ ಪಕ್ಕದ ಬೆಲ್ಜಿಯಂನ ಗಣಿ ಎಂಜಿನಿಯರ್ ಹ್ಯೂಗೋ ಬೊಲ್ಲೆನ್ ತಮ್ಮ ಸೀಮೆಯ ಸೈಕಲ್ ದಾರಿಗಳಿಗೆ ಇದನ್ನು ರೂಪಿಸಿದರು. ಡಚ್ಚರು ನೋಡಿದರು, ಚೆನ್ನಾಗಿದೆ ಅಂದರು, ತಮ್ಮ ದೇಶಕ್ಕೆಲ್ಲ ಹಾಕಿಕೊಂಡರು. ನೆರೆಮನೆಯಿಂದ ಒಳ್ಳೆಯದನ್ನು ಎತ್ತಿಕೊಳ್ಳಲು ಸಂಸ್ಕೃತಿ ಅಡ್ಡ ಬರಲಿಲ್ಲ.

ಈಗ ಹಳ್ಳಿಗಳ ವಿಷಯಕ್ಕೆ ಬರೋಣ. ವೊಲೆಂಡಾಮ್‌ನಲ್ಲಿ ಟೂರ್ ಬಸ್ಸು ನಿಲ್ಲುತ್ತದೆ. ರೆಕ್ಕೆಯ ಟೋಪಿ, ಮರದ ಬೂಟು ಹಾಕಿಸಿ ಫೋಟೋ ತೆಗೆಯುತ್ತಾರೆ. ಕರಿದ ಮೀನು ತಿಂದು, ಚೀಸ್ ಕೊಂಡು, "ಮೀನುಗಾರರ ಹಳ್ಳಿ ನೋಡಿದೆವು" ಎಂದು ನಾವು ಬಸ್ ಹತ್ತುತ್ತೇವೆ. ಆ ಹಳ್ಳಿಯ ಸಮುದ್ರ ಎಲ್ಲಿ ಹೋಯಿತು ಎಂದು ಕೇಳಿದವರೆಷ್ಟು ಮಂದಿ?

ವೊಲೆಂಡಾಮ್, ಮಾರ್ಕೆನ್‌ಗಳ ಮುಂದಿನ ನೀರು ಈಗ ಸಿಹಿನೀರು. ಹಿಂದೆ ಅದು ಜಾಯ್ಡರ್‌ಜೀ ಎಂಬ ಉಪ್ಪುನೀರಿನ ಕೊಲ್ಲಿಯಾಗಿತ್ತು. ಹೆರಿಂಗ್, ಆಂಚೊವಿ ಮೀನುಗಳ ಮೇಲೆ ನೂರಾರು ದೋಣಿಗಳು ಬದುಕುತ್ತಿದ್ದವು. ಅದೇ ಕೊಲ್ಲಿ ಆಗಾಗ ಉಕ್ಕಿ ಊರುಗಳನ್ನು ನುಂಗುತ್ತಿತ್ತು. 1916ರ ಜನವರಿಯ ಪ್ರವಾಹದಲ್ಲಿ ಪುಟ್ಟ ಮಾರ್ಕೆನ್ ದ್ವೀಪ ಒಂದರಲ್ಲೇ 16 ಮಂದಿ ಸತ್ತರು. ಅಲ್ಲಿನ ಹಳೆಯ ಮನೆಗಳು ದಿಬ್ಬದ ಮೇಲೆ, ಕಂಬದ ಮೇಲೆ ನಿಂತಿರುವುದು ಈ ನೀರಿನ ಭಯಕ್ಕೆ, ಪ್ರವಾಸಿಗರ ಕಣ್ಣಿಗೆ ಚೆಂದ ಕಾಣಲೆಂದಲ್ಲ. ಎಂಜಿನಿಯರ್ ಕಾರ್ನೆಲಿಸ್ ಲೆಲಿ 1891ರಲ್ಲೇ ಕೊಲ್ಲಿಯ ಬಾಯಿ ಮುಚ್ಚುವ ಯೋಜನೆ ಮುಂದಿಟ್ಟಿದ್ದರು. ಅದು ಕಾನೂನಾದದ್ದು ಪ್ರವಾಹದ ನಂತರ, 1918ರಲ್ಲಿ. 1932ರ ಮೇ 28ರಂದು 32 ಕಿಲೋಮೀಟರ್ ಉದ್ದದ ಒಡ್ಡಿನ ಕೊನೆಯ ಕಂಡಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ನೀರು ಸಿಹಿಯಾಯಿತು, ಹೆರಿಂಗ್ ಹೋಯಿತು, ಆಂಚೊವಿ ಹೋಯಿತು, ಹಾವುಮೀನು ಉಳಿಯಿತು. ದೇಶ ಸುರಕ್ಷಿತವಾಯಿತು, ಮೀನುಗಾರ ಕಸುಬು ಕಳೆದುಕೊಂಡ. ನಾವು ಇಂದು ಬಾಡಿಗೆಗೆ ತೊಡುವುದು ಅವನ ಹಬ್ಬದ ಬಟ್ಟೆಯ ನಕಲನ್ನು.

ಈ ಕಥೆಯಲ್ಲಿ ನ್ಯಾಯವೇ ಗೆದ್ದಿತು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಕೊಲ್ಲಿ ಮುಚ್ಚುವ ಏಳು ವರ್ಷ ಮೊದಲೇ, 1925ರಲ್ಲಿ, ಕಸುಬು ಕಳೆದುಕೊಳ್ಳಲಿರುವ ಮೀನುಗಾರರಿಗೆ ನೆರವು ಕೊಡುವ ಪ್ರತ್ಯೇಕ ಕಾನೂನು ಬಂದಿತ್ತು. ಕೊಟ್ಟದ್ದು ಸಾಲದು ಎಂಬ ಕೂಗು ಇದ್ದೇ ಇತ್ತು. ಆದರೂ ನಷ್ಟ ಯಾರಿಗೆ ಎಂಬ ಪ್ರಶ್ನೆ ಕಡತಕ್ಕೆ ಒಡ್ಡಿಗಿಂತ ಮೊದಲೇ ಬಂತು. ಶರಾವತಿಯಲ್ಲಿ ಮನೆ, ಗದ್ದೆ ಮುಳುಗಿಸಿಕೊಂಡವರು ಅರವತ್ತು ವರ್ಷದ ಮೇಲೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿರುವುದನ್ನು ಬಲ್ಲ ಕನ್ನಡಿಗನಿಗೆ ಇದು ಸಣ್ಣ ಸಂಗತಿಯಲ್ಲ. ಮರದ ಬೂಟಿನ ಫೋಟೋದ ಬದಲು ಈ ಕಾನೂನಿನ ಕಥೆಯನ್ನು ಹೊತ್ತು ತಂದಿದ್ದರೆ ಪ್ರವಾಸ ಸಾರ್ಥಕವಾಗುತ್ತಿತ್ತು.

ಸೈಕಲ್ ದಾರಿಯ ಕಥೆಯೂ ಇಂಥದ್ದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಚ್ಚರ ಕೈಗೂ ದುಡ್ಡು ಬಂತು, ಕಾರು ಬಂತು. 1950, 60ರ ದಶಕಗಳಲ್ಲಿ ಅಲ್ಲಿ ಸೈಕಲ್ ಬಳಕೆ ಸರಸರನೆ ಇಳಿಯಿತು. ಚೌಕಗಳು ಪಾರ್ಕಿಂಗ್ ಜಾಗಗಳಾದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಶಾಲೆಯ ದಾರಿಯಲ್ಲಿ ತನ್ನ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹ 'ಮಕ್ಕಳ ಕೊಲೆ ನಿಲ್ಲಿಸಿ'. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿತು. ತಾಯಂದಿರು, ತಂದೆಯರು ಅಪಘಾತದ ಜಾಗಗಳಿಗೆ ಹೋಗಿ ರಸ್ತೆ ತಡೆದರು. ಬೀದಿಯ ನಡುವೆ ಮೇಜು ಹಾಕಿ ಊಟ ಮಾಡಿದರು. ಚಳವಳಿಯ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟ್ಟೆನ್ ಮುಂದೆ ಯುರೋಪಿನ ಸಂಸತ್ತಿಗೆ ಹೋದರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು, ನವೆಂಬರ್ 4ರಂದು ಮೊದಲ ಕಾರಿಲ್ಲದ ಭಾನುವಾರ ನಡೆಯಿತು. 1975ರಲ್ಲಿ ಸೈಕಲ್ ಸವಾರರ ಸಂಘ ಕಟ್ಟಿಕೊಂಡರು. ಇಂದು ಅಲ್ಲಿ 35,000 ಕಿಲೋಮೀಟರಿಗೂ ಹೆಚ್ಚು ಸೈಕಲ್ ದಾರಿ ಇದೆ, ಜನರಿಗಿಂತ ಸೈಕಲ್‌ಗಳೇ ಜಾಸ್ತಿ.

"ಅವರ ನೆಲ ಸಪಾಟು, ಜನ ಕಡಿಮೆ, ಹವಾ ತಂಪು" ಎನ್ನುವವರಿಗೆ ನನ್ನದೊಂದು ಪ್ರಶ್ನೆ. 1971ರಲ್ಲೂ ನೆಲ ಇಷ್ಟೇ ಸಪಾಟಾಗಿತ್ತು, ಹವಾ ಇಷ್ಟೇ ತಂಪಾಗಿತ್ತು, ನೀವು ಹೇಳುವ ಸಂಸ್ಕೃತಿಯೂ ಇತ್ತು. ಮತ್ತೆ ಆ ಮಕ್ಕಳು ಸತ್ತದ್ದು ಯಾಕೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಒಂದು ಹೆಜ್ಜೆ ಮುಂದೆ ಹೋಗಿ, ಕುಣಿಯುವವಳ ನೆಲ ನೆಟ್ಟಗಿದೆ ಎನ್ನುತ್ತಿದ್ದೇವೆ.

ಒಂದೊಂದಾಗಿ ನೋಡೋಣ. ಸಪಾಟು ನೆಲ ಸಾಕೆನ್ನುವುದಾದರೆ ಚೆನ್ನೈ ಸಪಾಟು, ದೆಹಲಿಯೂ ಬಹುಮಟ್ಟಿಗೆ ಸಪಾಟು. ಅಲ್ಲಿ ನಿಮ್ಮ ಮಗಳನ್ನು ಸೈಕಲ್ ಮೇಲೆ ಶಾಲೆಗೆ ಕಳಿಸುತ್ತೀರಾ? ಜನ ಕಡಿಮೆ ಎನ್ನುವುದಂತೂ ಶುದ್ಧ ಸುಳ್ಳು. ನೆದರ್ಲೆಂಡ್ಸ್‌ನಲ್ಲಿ ಚದರ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಜನ ಇದ್ದಾರೆ. ಕರ್ನಾಟಕದಲ್ಲಿ 2011ರ ಜನಗಣತಿಯ ಪ್ರಕಾರ 319. ಹವೆಯ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಮೇ ತಿಂಗಳ ನಾಗಪುರದಲ್ಲಿ ಮಧ್ಯಾಹ್ನ ಸೈಕಲ್ ಹೊಡಿ ಎಂದು ಯಾರಿಗೂ ಹೇಳಲಾರೆ. ಆದರೆ ಬೆವರು, ಏರು, ವಯಸ್ಸು, ಈ ಮೂರಕ್ಕೂ ಎಲೆಕ್ಟ್ರಿಕ್ ಸೈಕಲ್ ಬಹುಪಾಲು ಉತ್ತರ ಕೊಟ್ಟಿದೆ. ಅಲ್ಲಿ ಬಾಡಿಗೆಗೆ ಸಿಗುವ ಸೈಕಲ್ಲಿನ ಮೋಟಾರು 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಅದರ ಸಹಾಯ ನಿಲ್ಲುತ್ತದೆ. ನಮ್ಮ ಕಾನೂನಿನಲ್ಲೂ ಅಷ್ಟೇ ಶಕ್ತಿ, ಅಷ್ಟೇ ವೇಗದ ಮಿತಿಯೊಳಗಿನ ಗಾಡಿಗೆ ನೋಂದಣಿ ಬೇಕಿಲ್ಲ. ಯಂತ್ರ ಅದೇ, ಕಾನೂನಿನ ಮಿತಿಯೂ ಹೆಚ್ಚುಕಡಿಮೆ ಅದೇ. ಇಲ್ಲದಿರುವುದು ದಾರಿ.

ಇಪ್ಪತ್ತು ವರ್ಷದಿಂದ ಪ್ರಾಜೆಕ್ಟ್‌ಗಳನ್ನು ನಡೆಸಿಕೊಂಡು ಬಂದವನಾಗಿ ಇನ್ನೊಂದು ಮಾತು. 1970ರ ದಶಕದಲ್ಲಿ ಡಚ್ ಸರ್ಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿಗೆಂದು ಒಂದೊಂದು ಭರ್ಜರಿ ಸೈಕಲ್ ಮಾರ್ಗ ಕಟ್ಟಿಸಿತು. ಆಮೇಲೆ ಡೆಲ್ಫ್ಟ್‌ನಲ್ಲಿ ಇಡೀ ಊರಿಗೆ ಜಾಲ ಹೆಣೆದರು. ಒಂದೇ ದಾರಿ ಎಷ್ಟೇ ಚೆನ್ನಾಗಿರಲಿ, ಮನೆಯಿಂದ ಶಾಲೆಯವರೆಗೆ ಎಲ್ಲೂ ತುಂಡಾಗದೆ ತಲುಪಿಸದಿದ್ದರೆ ಜನ ಹತ್ತುವುದಿಲ್ಲ ಎಂಬುದನ್ನು ಅವರು ಹೀಗೆ ಕಟ್ಟಿ, ಅಳೆದು ಕಲಿತರು. ನಾನಿರುವ ಪುಣೆ ಒಂದು ಕಾಲದಲ್ಲಿ ಸೈಕಲ್ ನಗರ ಎಂದೇ ಹೆಸರಾಗಿತ್ತು. ಇಲ್ಲೂ ಸೈಕಲ್ ದಾರಿಗಳಿವೆ: ಬಸ್ ನಿಲ್ದಾಣದ ಹಿಂದೆ ಶುರುವಾಗಿ, ಟ್ರಾನ್ಸ್‌ಫಾರ್ಮರ್ ಎದುರು ಮುಗಿಯುವಂಥವು, ನಡುವೆ ವಡಾಪಾವ್ ಗಾಡಿ. ಬಣ್ಣಬಣ್ಣದ ಬಾಡಿಗೆ ಸೈಕಲ್‌ಗಳು ಬಂದವು, ಎರಡು ಮಳೆಗಾಲದಲ್ಲಿ ಮಾಯವಾದವು. "ನೋಡಿದಿರಾ, ನಮ್ಮ ಜನಕ್ಕೆ ಬೇಕಿಲ್ಲ" ಎಂದು ಷರಾ ಬರೆದು ಕಡತ ಮುಚ್ಚಿದರು. ಅರ್ಧ ಸೇತುವೆ ಕಟ್ಟಿ, ಜನ ದಾಟುತ್ತಿಲ್ಲ ಎಂದು ದೂರಿದ ಹಾಗೆ.

ಇನ್ನೊಂದು ವ್ಯತ್ಯಾಸ ನಮ್ಮ ಐಟಿ ಮಂದಿಗೆ ತಕ್ಷಣ ಅರ್ಥವಾಗಬೇಕು. ಸರ್ವರ್ ಬಿದ್ದರೆ ನಾವು ರೂಟ್ ಕಾಸ್ ಹುಡುಕುತ್ತೇವೆ. ಗುಂಡಿ ಒತ್ತಿದ ಹುಡುಗನನ್ನು ಬೈದು ಸುಮ್ಮನಾಗುವುದಿಲ್ಲ. 1990ರ ದಶಕದಿಂದ ಡಚ್ಚರು ರಸ್ತೆಗೂ ಇದೇ ತತ್ವ ಹಾಕಿದರು: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆ ಕಟ್ಟಬೇಕು. ಅವರ ಕಾನೂನಿನಲ್ಲಿ ಹದಿನಾಲ್ಕು ವರ್ಷದೊಳಗಿನ ಮಗು ಸೈಕಲ್ ಮೇಲೆ ಹೋಗುವಾಗ ಕಾರು ತಗುಲಿದರೆ ನಷ್ಟದ ಹೊಣೆ ಹೆಚ್ಚೂಕಡಿಮೆ ಪೂರ್ತಿ ಕಾರಿನವರದೇ. ನಮ್ಮಲ್ಲಿ ಮೊದಲ ಪ್ರಶ್ನೆ "ಹೆಲ್ಮೆಟ್ ಹಾಕಿದ್ದನಾ?" ಎರಡನೆಯದು "ಅಷ್ಟು ಹೊತ್ತಿಗೆ ಯಾಕೆ ಹೋಗಿದ್ದ?" 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇಷ್ಟು ಸಾವಿಗೆ ರೂಟ್ ಕಾಸ್ ಬೇಡವೆ?

ಹಾಗೆಂದು ಎಲೆಕ್ಟ್ರಿಕ್ ಸೈಕಲ್ಲೇ ಮಂತ್ರದಂಡ ಎನ್ನುತ್ತಿಲ್ಲ. ಅಲ್ಲೂ 2017ರಲ್ಲಿ ಮೊದಲ ಬಾರಿಗೆ, ಕಾರಿನಲ್ಲಿದ್ದು ಸತ್ತವರಿಗಿಂತ ಸೈಕಲ್ ಮೇಲಿದ್ದು ಸತ್ತವರೇ ಹೆಚ್ಚಾದರು: 201ಕ್ಕೆ 206. ವಯಸ್ಸಾದವರು ಎಲೆಕ್ಟ್ರಿಕ್ ಸೈಕಲ್ಲಿನ ವೇಗ ತಡೆಯಲಾರದೆ ಬೀಳುವುದು ಅಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮಲ್ಲಿ ಹೊಸ ಗಾಡಿಯ ರಿಬ್ಬನ್ ಕತ್ತರಿಸುವುದಕ್ಕೆ ಸಿಗುವ ಉತ್ಸಾಹ ಅದು ಓಡಬೇಕಾದ ದಾರಿಗೆ ಸಿಗುವುದಿಲ್ಲ. ಬ್ಯಾಟರಿಗೆ ಸಬ್ಸಿಡಿ ಕೊಟ್ಟು, ಅದರ ಮೇಲೆ ಕೂತವರನ್ನು ಟ್ಯಾಂಕರ್ ಪಕ್ಕದಲ್ಲೇ ಓಡಿಸುವುದು ಯಾವ ನೀತಿಯೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಹೊರರಾಜ್ಯದಲ್ಲಿರುವ ನಾವು "ಇದು ನಮ್ಮ ಊರಲ್ಲ" ಎಂದು ಇನ್ನೊಂದು ನೆಪ ಹಿಡಿಯುತ್ತೇವೆ. ಹದಿನೈದು ವರ್ಷದಿಂದ ತೆರಿಗೆ ಕಟ್ಟುವುದು, ಮಕ್ಕಳು ಬೆಳೆಯುವುದು, ಫ್ಲಾಟಿನ ಕಂತು ತುಂಬುವುದು ಈ ಊರಲ್ಲೇ. ನಿಮ್ಮ ಸೊಸೈಟಿ ಗೇಟಿನಿಂದ ಹತ್ತಿರದ ಶಾಲೆಯವರೆಗಿನ ದಾರಿಯನ್ನು ಒಂದು ಭಾನುವಾರ ನಡೆದು ನೋಡಿ. ಎಲ್ಲಿ ಫುಟ್‌ಪಾತ್ ತುಂಡಾಗುತ್ತದೆ, ಎಲ್ಲಿ ಮಗು ರಸ್ತೆಗೆ ಇಳಿಯಲೇಬೇಕು, ಎಲ್ಲಿ ವಾಹನಗಳು ಬ್ರೇಕ್ ಹಾಕದೆ ತಿರುಗುತ್ತವೆ, ಫೋಟೋ ಸಮೇತ ಬರೆಯಿರಿ. ಇದೇ ನಮಗೆ ಗೊತ್ತಿರುವ ಕೆಲಸ: ಬಗ್ ಪಟ್ಟಿ ಮಾಡುವುದು, ಯಾರ ಜವಾಬ್ದಾರಿ ಎಂದು ಗುರುತಿಸುವುದು, ಗಡುವು ಕೇಳುವುದು. ಸೊಸೈಟಿಯ ನಲವತ್ತು ಮನೆಯವರ ಸಹಿ ಹಾಕಿಸಿ ವಾರ್ಡ್ ಕಚೇರಿಗೆ ಕೊಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮತ ಕೇಳಲು ಬಂದವರ ಮುಂದೆ ಅದೇ ಪಟ್ಟಿ ಹಿಡಿಯಿರಿ.

ಲೇಖನ ಬರೆದ ಆ ಡಚ್ ತಂದೆ ಕಾಯ್ದದ್ದು ತನ್ನ ಮಗಳ ಸಾವಿನವರೆಗೆ. ನಾವು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಾರ್ಡ್ ಕಚೇರಿ ತೆರೆದಿರುತ್ತದೆ.