ಹೇಳಿದ ಮೇಲೂ ಡೀಫಾಲ್ಟಾ?

ಪುಟ್ಟಿಯಲ್ಲಿ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡೋರಿಗೆ ರೈಟ್ ಕ್ಲಿಕ್ ಅಂದ್ರೆ ಪೇಸ್ಟ್. ಬೆರಳಿಗೇ ಅಂಟಿದ ಅಭ್ಯಾಸ. 2016ರಲ್ಲಿ ವಿಮ್ 8.0 ಬಂತು ನೋಡಿ, ಎಡಿಟರೇ ಮೌಸ್ ಕಿತ್ತುಕೊಂಡಿತು. ರೈಟ್ ಕ್ಲಿಕ್ ಮಾಡಿದ್ರೆ ಪೇಸ್ಟ್ ಬದಲು ವಿಷುಯಲ್ ಮೋಡ್! ಶಿಫ್ಟ್ ಒತ್ತಿ ಕ್ಲಿಕ್ ಮಾಡಬೇಕಂತೆ. ಹೊಸಬರಿಗೆ ಅನುಕೂಲ ಅಂತ ಡೀಫಾಲ್ಟ್ ಬದಲಿಸಿದರೆ ಬದಲಿಸಲಿ, ನನ್ನ ತಕರಾರು ಅದಲ್ಲ. ಇಡೀ ಮಷೀನಿನ ವಿಮ್‌ಆರ್‌ಸಿಯಲ್ಲಿ ಅಡ್ಮಿನ್ 'ಮೌಸ್ ಬೇಡ' ಅಂತ ಬರೆದಿದ್ದರೂ, ಬಳಕೆದಾರರ ಹೋಮ್‌ನಲ್ಲಿ ಸ್ವಂತ ವಿಮ್‌ಆರ್‌ಸಿ ಇಲ್ಲದಿದ್ದರೆ, ವಿಮ್ ಆಮೇಲೆ ತನ್ನ ಡೀಫಾಲ್ಟ್ ಫೈಲನ್ನು ಓದಿ ಆ ಸಾಲನ್ನು ತುಳಿದು ಹಾಕುತ್ತೆ. ಯಾರೂ ಏನೂ ಹೇಳದಿದ್ದಾಗ ನಡೆಯೋದಕ್ಕೆ ತಾನೇ ಡೀಫಾಲ್ಟ್ ಅನ್ನೋದು? ತಮಾಷೆ ಏನಂದ್ರೆ, ಹೋಮ್‌ನಲ್ಲಿ ಒಂದು ಖಾಲಿ ವಿಮ್‌ಆರ್‌ಸಿ ಇಟ್ಟರೂ ಸಾಕು, ತೆಪ್ಪಗಾಗುತ್ತೆ. ಒಂದಕ್ಷರ ಇಲ್ಲದ ಫೈಲಿಗೆ ಕೊಡೋ ಮರ್ಯಾದೆ ಅಡ್ಮಿನ್ ಬರೆದಿಟ್ಟ ಸಾಲಿಗಿಲ್ಲ.